ಚೌಕಟ್ಟಿನ ಅಂಗಡಿಯಿಂದ ಚಿತ್ರಶಾಲೆಗೆ: ಕೇಕೂ ಗಾಂಧಿಯವರ ಎಪ್ಪತ್ತು ವರ್ಷಗಳ ಕಲಾಸೇವೆ

ಮಹಾರಾಷ್ಟ್ರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳ ಮನೆಗಳಿಗೆ ಅಪರಿಚಿತವಲ್ಲ. ವಸ್ತುಚಿತ್ರ, ಸ್ಮರಣಚಿತ್ರ, ನಕ್ಷೆ, ಅಕ್ಷರಲೇಖನ ಎಂದು ವಿಷಯಗಳನ್ನು ಹಂಚಿಕೊಂಡು, ಬಣ್ಣದ ಡಬ್ಬಿಯನ್ನೂ ಕುಂಚಗಳನ್ನೂ ಚೀಲಕ್ಕೆ ಹಾಕಿಕೊಂಡು ಮಕ್ಕಳು ಪರೀಕ್ಷೆಗೆ ಹೊರಡುತ್ತಾರೆ. ‘ಎ’ ಶ್ರೇಣಿ ಬಂದರೆ ಮನೆಯಲ್ಲಿ ಸಂತೋಷ. ಆದರೆ ಅದೇ ಮಗು ಮುಂದೆ ಒಂದು ದಿನ ಚಿತ್ರಕಲೆಯನ್ನೇ ಓದುತ್ತೇನೆಂದು ಹಟ ಹಿಡಿದರೆ, ಸಂತೋಷದ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕುಳಿತುಕೊಳ್ಳುತ್ತದೆ: ಚಿತ್ರ ಬರೆದರೆ ಹೊಟ್ಟೆ ತುಂಬುವುದೇ?

ಈ ಪ್ರಶ್ನೆಯನ್ನು ಕೇಳುವ ತಂದೆತಾಯಿಗಳು ತಪ್ಪು ಮಾಡುತ್ತಿಲ್ಲ. ಕಲಾವಿದನು ಚಿತ್ರವನ್ನು ಬರೆಯಬಲ್ಲನು. ಆದರೆ ಅದನ್ನು ಯಾರಿಗೆ ತೋರಿಸಬೇಕು, ಎಷ್ಟಕ್ಕೆ ಕೊಡಬೇಕು, ಕೊಂಡವನು ಹಣ ಕೊಡದಿದ್ದರೆ ಏನು ಮಾಡಬೇಕು ಎಂಬುದನ್ನು ಯಾವ ಡ್ರಾಯಿಂಗ್ ಮಾಸ್ತರರೂ ಕಲಿಸುವುದಿಲ್ಲ. ಆ ಕೆಲಸಕ್ಕೆ ಬೇರೊಬ್ಬ ಮನುಷ್ಯ ಬೇಕು. ಅವನನ್ನು ಕಲಾವ್ಯಾಪಾರಿ ಎನ್ನಬಹುದು, ಗ್ಯಾಲರಿಯ ಒಡೆಯ ಎನ್ನಬಹುದು. ಸ್ವತಂತ್ರ ಭಾರತದ ಚಿತ್ರಕಲೆಯ ಚರಿತ್ರೆಯಲ್ಲಿ ಅಂಥ ಮನುಷ್ಯರ ಮೊದಲ ಸಾಲಿನಲ್ಲಿ ನಿಲ್ಲುವವರು ಮುಂಬಯಿಯ ಪಾರ್ಸಿ ಮನೆತನದ ಕೇಕೂ ಗಾಂಧಿ. ಅವರು ಚಿತ್ರ ಬರೆದವರಲ್ಲ. ಚಿತ್ರ ಬರೆಯುವವರು ಬದುಕುವಂತೆ ಮಾಡಿದವರು.

ಯುದ್ಧ ಬದಲಿಸಿದ ದಾರಿ

ಕೇಕೂ ಗಾಂಧಿಯವರು ಹುಟ್ಟಿದ್ದು 1920ರಲ್ಲಿ. ಅನುಕೂಲಸ್ಥ ಮನೆತನದ ಹುಡುಗ. ಓದಲು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. 1939ರಲ್ಲಿ ಊರಿಗೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳಿ ಹೋಗುವ ದಾರಿ ಮುಚ್ಚಿತು. ಓದು ಅರ್ಧಕ್ಕೆ ನಿಂತ ಇಪ್ಪತ್ತರ ತರುಣನಿಗೆ ಒಂದು ಉದ್ಯೋಗ ಬೇಕಾಗಿತ್ತು. ಆ ಹೊತ್ತಿಗೆ ಮುಂಬಯಿಯಲ್ಲಿದ್ದ ಬೆಲ್ಜಿಯಂ ದೇಶದ ರೋಜರ್ ವಾನ್ ಡಾಮ್ ಎಂಬವರ ಪರಿಚಯವಾಯಿತು. ಆ ಪರಿಚಯದಿಂದ ಚಿತ್ರಗಳಿಗೆ ಹಾಕುವ ಚೌಕಟ್ಟಿನ ಪಟ್ಟಿಗಳ ಉದ್ಯಮ ಹುಟ್ಟಿತು. 1941ರಲ್ಲಿ ‘ಕೆಮಿಕಲ್ ಮೌಲ್ಡಿಂಗ್’ ಎಂಬ ಎರಡು ಮಾತುಗಳನ್ನು ಕೂಡಿಸಿ ‘ಕೆಮೌಲ್ಡ್’ ಎಂಬ ಹೆಸರಿಟ್ಟರು. ಮುಂದೆ ಭಾರತದ ಕಲಾಲೋಕದಲ್ಲಿ ಗೌರವದಿಂದ ಉಚ್ಚರಿಸಲಾದ ಹೆಸರಿನ ಮೂಲ ಇಷ್ಟು ಸರಳ: ಅದು ಕಟ್ಟು ಹಾಕುವ ಅಂಗಡಿಯ ಹೆಸರು.

ಆ ಕಾಲದ ಮನೆಗಳ ಗೋಡೆಗಳನ್ನು ನೆನೆದರೆ ಈ ಉದ್ಯಮದ ಸ್ವರೂಪ ತಿಳಿಯುತ್ತದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ದೇವರ ಪಟಗಳು, ರವಿವರ್ಮ ಮುದ್ರಣಾಲಯದ ಲಕ್ಷ್ಮೀ ಸರಸ್ವತಿಯರು, ತೀರಿಹೋದ ಹಿರಿಯರ ಭಾವಚಿತ್ರಗಳು ಇರುತ್ತಿದ್ದವು. ಒಬ್ಬ ಜೀವಂತ ಚಿತ್ರಕಾರನಿಂದ ಅವನ ಸ್ವಂತ ಕಲ್ಪನೆಯ ಚಿತ್ರವೊಂದನ್ನು ಹಣ ಕೊಟ್ಟು ತಂದು ತೂಗುಹಾಕುವ ರೂಢಿ ಬಹುಮಟ್ಟಿಗೆ ಇರಲಿಲ್ಲ. ಚಿತ್ರಕಾರರು ತಮ್ಮ ಚಿತ್ರಗಳಿಗೆ ಚೌಕಟ್ಟು ಹಾಕಿಸಲು ಗಾಂಧಿಯವರ ಅಂಗಡಿಗೆ ಬರುತ್ತಿದ್ದರು. ಗಾಂಧಿಯವರಿಗೆ ಒಂದು ಯೋಚನೆ ಹೊಳೆಯಿತು: ಅಂಗಡಿಯ ಗಾಜಿನ ಕಿಟಕಿಯಲ್ಲಿ ಖಾಲಿ ಚೌಕಟ್ಟನ್ನೇಕೆ ಇಡಬೇಕು? ಅದರೊಳಗೆ ಈ ತರುಣರ ಚಿತ್ರವನ್ನೇ ಇಟ್ಟರೆ ಚೌಕಟ್ಟಿಗೂ ಶೋಭೆ, ಚಿತ್ರಕ್ಕೂ ನೋಟಕರು. ಹೀಗೆ ಕೆ. ಎಚ್. ಆರಾ, ಎಂ. ಎಫ್. ಹುಸೇನ್, ಎಸ್. ಎಚ್. ರಜಾ, ಕೆ. ಕೆ. ಹೆಬ್ಬಾರ್ ಮೊದಲಾದವರ ಚಿತ್ರಗಳು ಬೀದಿಯಲ್ಲಿ ನಡೆದುಹೋಗುವ ಸಾಮಾನ್ಯ ಜನರ ಕಣ್ಣಿಗೆ ಬಿದ್ದವು.

ಗಡಿನಾಡುಗಳಿಂದ ಬಂದವರು

ಆ ಕಿಟಕಿಯಲ್ಲಿ ಕಾಣಿಸಿಕೊಂಡ ಹೆಸರುಗಳನ್ನು ಊರುಗಳ ಸಮೇತ ಓದಿದರೆ, ಗಡಿಯಾಚೆಯ ಕನ್ನಡಿಗರಿಗೆ ಒಂದು ಆತ್ಮೀಯತೆ ಮೂಡುತ್ತದೆ. ಹುಸೇನರು 1915ರಲ್ಲಿ ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ; ಈ ಭಾಗದ ಕನ್ನಡ ಮನೆಗಳ ಹಿರಿಯರು ವಿಠ್ಠಲನ ದರ್ಶನಕ್ಕೆ ನಡೆದುಹೋಗುವ ಊರಿನಲ್ಲಿ. ಮುಂಬಯಿಗೆ ಬಂದು ಅವರು ಸಿನಿಮಾದ ದೊಡ್ಡ ಫಲಕಗಳನ್ನು ಬರೆದು ಬದುಕಿದವರು. ಆರಾ ಅವರ ಹುಟ್ಟೂರು ಇಂದಿನ ತೆಲಂಗಾಣದ ಸಿಕಂದರಾಬಾದಿನ ಬಳಿಯ ಬೊಲಾರಂ. ಎಳವೆಯಲ್ಲೇ ಮುಂಬಯಿಗೆ ಓಡಿಬಂದು ಮನೆಗೆಲಸ ಮಾಡಿ, ಕಾರು ತೊಳೆದು ಹೊಟ್ಟೆ ಹೊರೆದವರು. 1942ರಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ಮುಂಬಯಿಯ ‘ಚೇತನಾ’ ಎಂಬ ಉಪಾಹಾರಗೃಹದಲ್ಲಿ ನಡೆಯಿತು. ಎಫ್. ಎನ್. ಸೋಜಾ ಗೋವೆಯವರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರಂತೂ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಸ್ವಲ್ಪ ಕಾಲ ಕಲಿತು, ಮುಂಬಯಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ವಿದ್ಯಾರ್ಥಿಯಾಗಿ, ಅಲ್ಲಿಯೇ ಅಧ್ಯಾಪಕರಾಗಿ ದುಡಿದರು. ಕರಾವಳಿಯ ಯಕ್ಷಗಾನದ ನೆನಪೂ ಅಜಂತಾದ ರೇಖೆಯೂ ಅವರ ಚಿತ್ರಗಳಲ್ಲಿ ಒಂದಾದವು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಕೃತಿಗಳನ್ನು ಇಂದಿಗೂ ನೋಡಬಹುದು.

ಸೋಜಾ, ರಜಾ, ಹುಸೇನ್, ಆರಾ, ಎಚ್. ಎ. ಗಾಡೆ, ಎಸ್. ಕೆ. ಬಾಕ್ರೆ ಇವರು ಸೇರಿ 1947ರಲ್ಲಿ ‘ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಕಟ್ಟಿದರು. ಇವರನ್ನು ಬೆಂಬಲಿಸಿದವರಲ್ಲಿ ಮುಖ್ಯರಾದವರು ನಾಜಿ ಕಾಲದ ಯೂರೋಪನ್ನು ತೊರೆದು ಮುಂಬಯಿಗೆ ಬಂದು ನೆಲೆಸಿದ್ದ ಮೂವರು: ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಕಲಾನಿರ್ದೇಶಕ ವಾಲ್ಟರ್ ಲಾಂಗ್‌ಹ್ಯಾಮರ್, ಕಲಾವಿಮರ್ಶಕ ರೂಡಿ ವಾನ್ ಲೈಡನ್, ಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಗರ್. ಒಬ್ಬರು ತಿದ್ದಿದರು, ಒಬ್ಬರು ಬರೆದರು, ಒಬ್ಬರು ಕೊಂಡರು; ಗಾಂಧಿಯವರು ತೋರಿಸಿದರು. ಮನೆ ಕಳೆದುಕೊಂಡು ಬಂದವರು, ಮನೆ ಬಿಟ್ಟು ಓಡಿಬಂದವರು, ಸಣ್ಣ ಸಮುದಾಯದ ವ್ಯಾಪಾರಿ ಎಲ್ಲರೂ ಕೂಡಿ ಒಂದು ಹೊಸ ರಾಷ್ಟ್ರದ ಚಿತ್ರಕಲೆಗೆ ನೆಲೆ ಒದಗಿಸಿದರೆಂಬುದು ನೆನಪಿಡಬೇಕಾದ ಸಂಗತಿ.

ಗೋಡೆಗಾಗಿ ಹೋರಾಟ

ಚಿತ್ರವನ್ನು ತೋರಿಸಲು ಗೋಡೆ ಬೇಕು. ನಲವತ್ತರ ದಶಕದ ಮುಂಬಯಿಯಲ್ಲಿ ಅದೇ ದೊಡ್ಡ ಕೊರತೆಯಾಗಿತ್ತು. ಶಾಶ್ವತವಾದ ಪ್ರದರ್ಶನಗೃಹ ಬೇಕೆಂದು ಹೆಬ್ಬಾರರು, ವಿಜ್ಞಾನಿ ಹೋಮಿ ಭಾಭಾ ಮೊದಲಾದವರು ಒತ್ತಾಯಿಸಿದರು. ಗಾಂಧಿಯವರೂ ಅದಕ್ಕಾಗಿ ಓಡಾಡಿದರು. ಸರ್ ಕಾವಸ್‌ಜೀ ಜಹಾಂಗೀರ್ ಅವರ ದಾನದಿಂದ 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಕಾಳಾಘೋಡಾದಲ್ಲಿ ತಲೆಯೆತ್ತಿತು. ಅಲ್ಲಿ ಬಾಡಿಗೆ ಕೊಟ್ಟ ಕಲಾವಿದ ಒಂದು ವಾರ ಗೋಡೆಯನ್ನು ಪಡೆಯಬಹುದಾಗಿತ್ತು. ಆದರೆ ವಾರ ಮುಗಿದ ಮೇಲೆ? ಮಾರಾಟವಾಗದ ಚಿತ್ರಗಳನ್ನು ಕಟ್ಟಿಕೊಂಡು ಮನೆಗೆ ಹೋಗಬೇಕು.

ಈ ‘ಮುಂದೇನು’ ಎಂಬುದಕ್ಕೆ ಉತ್ತರವಾಗಿ ಹುಟ್ಟಿದ್ದು ಗ್ಯಾಲರಿ ಕೆಮೌಲ್ಡ್. 1963ರಲ್ಲಿ ಜಹಾಂಗೀರ್ ಕಟ್ಟಡದ ಮೊದಲ ಮಹಡಿಯ ಒಂದು ಚಿಕ್ಕ ಜಾಗದಲ್ಲಿ ಕೇಕೂ ಮತ್ತು ಅವರ ಪತ್ನಿ ಖೊರ್ಶೆದ್ ಅದನ್ನು ತೆರೆದರು. ದಿನನಿತ್ಯದ ಹೊಣೆಯ ಬಹುಭಾಗವನ್ನು ಹೊತ್ತವರು ಖೊರ್ಶೆದ್ ಅವರೇ. ಗಂಡನ ಕನಸಿಗೆ ಲೆಕ್ಕದ ಪುಸ್ತಕ, ಪತ್ರವ್ಯವಹಾರ, ಕಲಾವಿದರ ಕುಶಲ ವಿಚಾರ ಇವುಗಳಿಂದ ಆಧಾರ ಕೊಟ್ಟ ಹೆಂಗಸು. ಹೆಸರು ಹೆಚ್ಚಾಗಿ ಗಂಡನಿಗೆ ಬಂದರೂ, ಕೆಲಸ ಇಬ್ಬರದೂ.

ಅಡತಿ ಅಂಗಡಿಯೂ ಗ್ಯಾಲರಿಯೂ

ಗ್ಯಾಲರಿಯ ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ತರುವ ರೈತನ ಮನೆಯವರಿಗೆ ವಿವರಿಸುವುದು ಕಷ್ಟವಲ್ಲ. ರೈತನು ಮಾಲನ್ನು ಅಡತಿ ಅಂಗಡಿಯಲ್ಲಿ ಇಳಿಸುತ್ತಾನೆ. ಮಾಲು ಅವನದೇ, 2016ರವರೆಗೆ ಮಾರಾಟವಾದ ಮೇಲೆ ಅಡತಿಯವನು ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ಗ್ಯಾಲರಿಯಲ್ಲೂ ಸಾಮಾನ್ಯವಾಗಿ ಹೀಗೆಯೇ. ಚಿತ್ರ ಮಾರಾಟವಾಗುವವರೆಗೆ ಕಲಾವಿದನದು. ಮಾರಾಟವಾದರೆ ಬೆಲೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಗ್ಯಾಲರಿಗೆ ಸೇರುವುದು ಪ್ರಪಂಚದ ರೂಢಿ.

ಇದು ಬಹಳವಾಯಿತೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ವ್ಯತ್ಯಾಸವೂ ಇದೆ. ಉಳ್ಳಾಗಡ್ಡಿಯ ದರವನ್ನು ಅಂದಿನ ಪೇಟೆ ನಿರ್ಧರಿಸುತ್ತದೆ. ಅಪರಿಚಿತ ಕಲಾವಿದನ ಚಿತ್ರಕ್ಕೆ ಪೇಟೆಯೇ ಇರುವುದಿಲ್ಲ. ಅದನ್ನು ಹುಟ್ಟಿಸುವುದೇ ವ್ಯಾಪಾರಿಯ ಕೆಲಸ. ಬಾಡಿಗೆ, ದೀಪ, ಆಮಂತ್ರಣ, ಕೈಪಿಡಿ, ಸಾಗಣೆ ಎಲ್ಲವೂ ಅವನ ಖರ್ಚು. ಮೊದಲ ಪ್ರದರ್ಶನದಲ್ಲಿ ಒಂದೂ ಮಾರಾಟವಾಗದಿದ್ದರೆ ಎರಡನೆಯದನ್ನು ಮಾಡಬೇಕು. ಬೆಲೆಯನ್ನು ಆತುರದಿಂದ ಏರಿಸಿದರೆ ಮುಂದಿನ ವರ್ಷ ಇಳಿಸಬೇಕಾಗುತ್ತದೆ, ಆಗ ಕಲಾವಿದನ ಹೆಸರೇ ಕೆಡುತ್ತದೆ. ತೀರ ಕೆಳಗಿಟ್ಟರೆ ಅವನ ಮನೆ ನಡೆಯುವುದಿಲ್ಲ. ಈ ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ವರ್ಷಾನುಗಟ್ಟಲೆ ಜೊತೆಗೆ ನಡೆಯುವುದೇ ಒಳ್ಳೆಯ ಗ್ಯಾಲರಿಯ ಲಕ್ಷಣ. ಕೆಮೌಲ್ಡಿನ ಆರಂಭದ ದಿನಗಳಲ್ಲಿ ಚಿತ್ರಗಳ ಮಾರಾಟ ತೀರ ಸಣ್ಣದು. ಚೌಕಟ್ಟಿನ ವ್ಯಾಪಾರವೇ ಕಲೆಯ ವ್ಯಾಪಾರಕ್ಕೆ ಆಸರೆಯಾಗಿ ನಿಂತಿತು.

ಭೂಪೇನ್ ಖಖ್ಖರ್ ಅವರ ಉದಾಹರಣೆ ಇಲ್ಲಿ ತಕ್ಕದ್ದು. 1934ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಚಾರ್ಟರ್ಡ್ ಅಕೌಂಟೆಂಟ್. ಬರೋಡಾಕ್ಕೆ ಹೋಗಿ ಲೆಕ್ಕ ಬರೆಯುವ ನೌಕರಿಯ ಜೊತೆಗೇ ಚಿತ್ರ ಬರೆದರು. ಕ್ಷೌರಿಕನ ಅಂಗಡಿ, ಗಡಿಯಾರ ರಿಪೇರಿಯವನು, ದರ್ಜಿ ಇವರೇ ಅವರ ಚಿತ್ರಗಳ ನಾಯಕರು. ‘ಇದೂ ಒಂದು ಕಲೆಯೇ’ ಎಂದು ಮೂಗು ಮುರಿದವರು ಕಡಿಮೆಯಿರಲಿಲ್ಲ. ಕೆಮೌಲ್ಡ್ ಅವರನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ತಂದೆ, ಮಗ ಮತ್ತು ಕತ್ತೆಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಎಲ್ಲರನ್ನೂ ಮೆಚ್ಚಿಸಲು ಹೊರಟು ಯಾರನ್ನೂ ಮೆಚ್ಚಿಸಲಾರದವರ ಕಥೆ. ಅದನ್ನೇ ಆಧರಿಸಿ ಖಖ್ಖರ್ 1981ರಲ್ಲಿ ಬರೆದ ಚಿತ್ರ ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. 2016ರಲ್ಲಿ ಟೇಟ್ ಮಾಡರ್ನ್ ಅವರ ಕೃತಿಗಳ ದೊಡ್ಡ ಪ್ರದರ್ಶನಕ್ಕೆ ಆ ಚಿತ್ರದ ಹೆಸರನ್ನೇ ಇಟ್ಟಿತು.

ಗುಡಿಸಲ ಗೋಡೆಯಿಂದ ಕಾಗದಕ್ಕೆ

ಗಾಂಧಿ ದಂಪತಿಗಳ ದೃಷ್ಟಿ ನಗರದ ಕಲಾಶಾಲೆಗಳಲ್ಲಿ ಕಲಿತವರಿಗಷ್ಟೇ ಸೀಮಿತವಾಗಿರಲಿಲ್ಲ. ಮುಂಬಯಿಯ ಉತ್ತರಕ್ಕಿರುವ ಡಹಾಣು ಪ್ರದೇಶದ ವಾರಲಿ ಜನಾಂಗದಲ್ಲಿ ಮದುವೆಯ ಸಂದರ್ಭಕ್ಕೆ ಹೆಂಗಸರು ಗುಡಿಸಲ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ರ ಬರೆಯುವ ಸಂಪ್ರದಾಯವಿತ್ತು. ಮಲೆನಾಡಿನ ಹಸೆಚಿತ್ತಾರವನ್ನು ಕಂಡವರಿಗೆ ಅದರ ಬಗೆ ತಟ್ಟನೆ ತಿಳಿಯುತ್ತದೆ. ಜಿವ್ಯಾ ಸೋಮಾ ಮ್ಹಸೆ ಎಂಬ ವಾರಲಿ ಗಂಡಸು ಈ ರೂಢಿಯನ್ನು ಮುರಿದು ಪ್ರತಿದಿನವೂ ಚಿತ್ರ ಬರೆಯತೊಡಗಿದ. ಭಾಸ್ಕರ ಕುಲಕರ್ಣಿ ಎಂಬ ಕಲಾವಿದರು ಅವರನ್ನು ಗುರುತಿಸಿ ಕಾಗದವನ್ನೂ ಬಣ್ಣವನ್ನೂ ಒದಗಿಸಿದರು. 1975ರಲ್ಲಿ ಮ್ಹಸೆಯವರ ಕೃತಿಗಳು ಗ್ಯಾಲರಿ ಕೆಮೌಲ್ಡಿನ ಗೋಡೆಗೇರಿದವು. ಹುಸೇನ್, ರಜಾ ತೂಗಿದ ಗೋಡೆಯಲ್ಲಿ ಒಬ್ಬ ಆದಿವಾಸಿಯ ಚಿತ್ರವೂ ತೂಗಿತು, ಅದರ ಕೆಳಗೆ ಜನಾಂಗದ ಹೆಸರಷ್ಟೇ ಅಲ್ಲ, ಅವನ ಸ್ವಂತ ಹೆಸರೂ ಇತ್ತು ಎಂಬುದು ಸಣ್ಣ ಸಂಗತಿಯಲ್ಲ. ಮ್ಹಸೆಯವರಿಗೆ 2011ರಲ್ಲಿ ಪದ್ಮಶ್ರೀ ಬಂದಿತು. ಇಂದು ಶಾಲೆಯ ಗೋಡೆ, ಸೀರೆಯ ಸೆರಗು, ಮದುವೆಯ ಆಮಂತ್ರಣ ಎಲ್ಲೆಡೆಯೂ ವಾರಲಿ ಗೆರೆಗಳಿವೆ.

ಗ್ಯಾಲರಿಯ ಹೊರಗೂ ಗಾಂಧಿಯವರು ಸುಮ್ಮನೆ ಕುಳಿತವರಲ್ಲ. ತುರ್ತುಪರಿಸ್ಥಿತಿಯನ್ನು ವಿರೋಧಿಸಿದವರಿಗೆ ಬಾಂದ್ರಾದ ಅವರ ಮನೆ ‘ಕೇಕಿ ಮಂಜಿಲ್’ ಬಾಗಿಲು ತೆರೆದಿತ್ತು. 1992–93ರ ಮುಂಬಯಿ ಗಲಭೆಗಳ ತರುವಾಯ ಮೊಹಲ್ಲಾ ಶಾಂತಿ ಸಮಿತಿಗಳಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಓಡಾಡಿದರು. ಮುಂಬಯಿಗೊಂದು ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯ ಬೇಕೆಂಬ ಅವರ ಬಹುಕಾಲದ ಆಗ್ರಹ ಕಾವಸ್‌ಜೀ ಜಹಾಂಗೀರ್ ಸಭಾಗೃಹದಲ್ಲಿ 1996ರಲ್ಲಿ ಕೈಗೂಡಿತು. ಸರಕಾರ ಅವರನ್ನು ಪದ್ಮಶ್ರೀಯಿಂದ ಗೌರವಿಸಿತು. 2012ರ ನವೆಂಬರಿನಲ್ಲಿ, 92ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮರುವರ್ಷ ಖೊರ್ಶೆದ್ ಅವರೂ.

ಮಗಳ ಕೈಗೆ ಬಂದ ಹೊಣೆ

1988ರಲ್ಲಿಯೇ ಗ್ಯಾಲರಿಯ ಹೊಣೆ ಮಗಳು ಶಿರೀನ್ ಗಾಂಧಿಯವರ ಕೈಗೆ ಬಂದಿತ್ತು. ತಂದೆಯ ಕಾಲದ ದೊಡ್ಡ ಹೆಸರುಗಳನ್ನೇ ಮಾರಿಕೊಂಡು ಕುಳಿತಿದ್ದರೆ ಸುಖವಾಗಿ ನಡೆಯುತ್ತಿತ್ತು. ಅವರು ತಮ್ಮ ವಯಸ್ಸಿನವರನ್ನು ಹುಡುಕಿದರು. 1989ರಲ್ಲಿ ಅತುಲ್ ದೋಡಿಯಾ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ಅಲ್ಲಿ ನಡೆಯಿತು. ಮುಂದೆ ಅಂಗಡಿಗಳ ಮಡಚುವ ಕಬ್ಬಿಣದ ಶಟರುಗಳ ಮೇಲೆಯೇ ಚಿತ್ರ ಬರೆದು ಹೆಸರಾದವರು ದೋಡಿಯಾ. ಚಿತ್ರವೆಂದರೆ ಕ್ಯಾನ್ವಾಸು ಎಂಬ ಕಾಲ ಕಳೆದು, ಕೋಣೆಯನ್ನೇ ತುಂಬುವ ರಚನೆಗಳು, ವೀಡಿಯೊ, ಬೆಳಕು ನೆರಳಿನ ಕೃತಿಗಳು ಬಂದಾಗ ಜಹಾಂಗೀರ್ ಮಹಡಿಯ ಜಾಗ ಸಾಲದಾಯಿತು. 2007ರಲ್ಲಿ ಗ್ಯಾಲರಿಯು ಫೋರ್ಟ್ ಭಾಗದ ಹಳೆಯ ಕಟ್ಟಡವೊಂದರ ಮೇಲ್ಮಹಡಿಗೆ ಹೋಯಿತು. ಹೆಸರು ‘ಕೆಮೌಲ್ಡ್ ಪ್ರೆಸ್ಕಾಟ್ ರೋಡ್’ ಎಂದಾಯಿತು.

ಈ ಕಾಲದಲ್ಲಿ ಬಳಕೆಗೆ ಬಂದ ಇನ್ನೊಂದು ಮಾತು ‘ಕ್ಯುರೇಟರ್’. ಕನ್ನಡದಲ್ಲಿ ಪ್ರದರ್ಶನ ಸಂಯೋಜಕ ಎನ್ನಬಹುದು. ಯಾವ ಕೃತಿಯ ಪಕ್ಕದಲ್ಲಿ ಯಾವುದು ಇರಬೇಕು, ನೋಡುವವನು ಮೊದಲು ಯಾವುದನ್ನು ಕಾಣಬೇಕು, ಬೆಳಕು ಎಲ್ಲಿ ಬೀಳಬೇಕು, ಕೈಪಿಡಿಯಲ್ಲಿ ಏನು ಬರೆಯಬೇಕು ಎಂದು ನಿರ್ಧರಿಸುವವರು ಇವರು. ಕವಿತಾಸಂಕಲನಕ್ಕೆ ಸಂಪಾದಕನಿದ್ದಂತೆ. ವ್ಯಾಪಾರಿಗೆ ‘ಇದು ಮಾರಾಟವಾದೀತೇ’ ಎಂಬ ಚಿಂತೆಯಿದ್ದರೆ, ಸಂಯೋಜಕನಿಗೆ ‘ಇದು ಏನು ಹೇಳುತ್ತದೆ’ ಎಂಬ ಚಿಂತೆ. ಕೆಮೌಲ್ಡ್ ಐವತ್ತು ವರ್ಷ ತುಂಬಿದಾಗ, 2013–14ರಲ್ಲಿ, ವಿಮರ್ಶಕಿ ಗೀತಾ ಕಪೂರ್ ಅವರನ್ನು ಕರೆದು ಐದು ಪ್ರದರ್ಶನಗಳ ಸರಣಿಯನ್ನು ಅವರ ಕೈಗೆ ಒಪ್ಪಿಸಿತು. ತನ್ನ ಅಂಗಡಿಯ ಗೋಡೆಯನ್ನು ತನ್ನನ್ನೇ ವಿಮರ್ಶಿಸಬಲ್ಲವರ ಕೈಗೆ ಕೊಡುವುದಕ್ಕೆ ಧೈರ್ಯ ಬೇಕು.

ಬೆಲೆ ಯಾರ ಪಾಲಿಗೆ?

ಮಾರ್ಚ್ 2025ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಹುಸೇನರ ‘ಗ್ರಾಮಯಾತ್ರಾ’ ಎಂಬ 1954ರ ಚಿತ್ರ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು. ಅಲ್ಲಿಯವರೆಗೆ ಆಧುನಿಕ ಭಾರತೀಯ ಚಿತ್ರವೊಂದಕ್ಕೆ ಬಂದ ಅತಿ ಹೆಚ್ಚಿನ ಬೆಲೆ ಅದು. 1954ರಲ್ಲಿಯೇ ಅದನ್ನು ಕೊಂಡು ನಾರ್ವೆಗೆ ಒಯ್ದಿದ್ದವರು ಒಬ್ಬ ವೈದ್ಯರು. ಅದು ಬಹುಕಾಲ ಅಲ್ಲಿನ ಆಸ್ಪತ್ರೆಯ ಗೋಡೆಯಲ್ಲಿತ್ತು. ಹರಾಜಿನ ಸುದ್ದಿ ಓದಿದವರಿಗೆ ಕಲಾವಿದರೆಲ್ಲ ಕೋಟ್ಯಧೀಶರೆಂದು ಅನ್ನಿಸಬಹುದು. ನಿಜ ಬೇರೆ. ಚಿತ್ರವನ್ನು ಒಮ್ಮೆ ಮಾರಿದ ಮೇಲೆ, ಅದು ಮತ್ತೆ ಮಾರಾಟವಾಗುವಾಗ ಬರುವ ಹಣ ಮಾಲೀಕನದು. 2002ರಲ್ಲಿ ತೈಯಬ್ ಮೆಹತಾ ಅವರ ‘ಸೆಲೆಬ್ರೇಷನ್’ ಒಂದೂವರೆ ಕೋಟಿಗೆ, 2005ರಲ್ಲಿ ‘ಮಹಿಷಾಸುರ’ ಹತ್ತು ಲಕ್ಷ ಡಾಲರಿಗೂ ಮೀರಿ ಹೋದಾಗ ಅವರಿನ್ನೂ ಬದುಕಿದ್ದರು. ಆದರೆ ಮಾರಿದವರು ಅವರಾಗಿರಲಿಲ್ಲ. ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗೂ ಮೀರಿ ಮರುಮಾರಾಟವಾದರೆ ಕಲಾವಿದನಿಗೆ ಶೇಕಡಾ 10ಕ್ಕೆ ಮೀರದ ಪಾಲು ಸಿಗಬೇಕೆಂದು ಭಾರತದ ಕೃತಿಸ್ವಾಮ್ಯ ಕಾಯ್ದೆಯ ಕಲಂ 53ಎ ಹೇಳುತ್ತದೆ. ವಿದೇಶದ ಹರಾಜಿಗೆ ಆ ಕಾಯ್ದೆ ತಲುಪುವುದಿಲ್ಲ.

ಆದ್ದರಿಂದಲೇ ಕಲಾವಿದನ ಬದುಕಿಗೆ ಹರಾಜಿನ ಮನೆಗಿಂತ ಮೊದಲ ಮಾರಾಟ ಮಾಡುವ ಗ್ಯಾಲರಿ ಮುಖ್ಯ. ಅಲ್ಲಿ ಬಂದ ಹಣದಲ್ಲಿ ಅವನ ಪಾಲು ನೇರವಾಗಿ ಅವನ ಮನೆಗೆ ಸೇರುತ್ತದೆ. ಜೊತೆಗೆ ಚಿತ್ರದ ದಾಖಲೆಯೂ ಅಲ್ಲಿಂದಲೇ ಆರಂಭ. ಹೊಲಕ್ಕೆ 7/12ರ ಉತಾರ ಇದ್ದಂತೆ ಚಿತ್ರಕ್ಕೂ ಒಂದು ವಂಶಾವಳಿ ಬೇಕು: ಯಾವಾಗ ಬರೆದದ್ದು, ಎಲ್ಲಿ ತೋರಿಸಿದ್ದು, ಯಾರು ಕೊಂಡದ್ದು, ಅವರಿಂದ ಯಾರಿಗೆ ಹೋದದ್ದು. ಆ ಕಾಗದಗಳಿಲ್ಲದಿದ್ದರೆ ನಕಲಿಗೂ ಅಸಲಿಗೂ ವ್ಯತ್ಯಾಸ ತೋರಿಸುವುದು ಕಷ್ಟ. ಅರವತ್ತು ವರ್ಷಗಳಿಂದ ರಸೀದಿ, ಪತ್ರ, ಆಮಂತ್ರಣ, ಛಾಯಾಚಿತ್ರಗಳನ್ನು ಎಸೆಯದೆ ಕಾಪಾಡಿಕೊಂಡು ಬಂದ ಗ್ಯಾಲರಿಯೊಂದು ಅದರಿಂದಲೇ ಒಂದು ಚರಿತ್ರೆಯ ಭಂಡಾರವಾಗುತ್ತದೆ.

ರೈಲಿಳಿದರೆ ನಡೆಯುವ ದೂರ

ಚಿತ್ರ ಬರೆದರೆ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಗೆ ಈ ಜೀವನಚರಿತ್ರೆ ಹೌದೆಂಬ ಸರಳ ಉತ್ತರ ಕೊಡುವುದಿಲ್ಲ. ಆರಾ ಕಾರು ತೊಳೆದರು, ಹುಸೇನ್ ಫಲಕ ಬರೆದರು, ಖಖ್ಖರ್ ಲೆಕ್ಕ ಬರೆದರು, ಗಾಂಧಿಯವರು ಚೌಕಟ್ಟು ಮಾರಿದರು. ಕಲೆಯ ಪಕ್ಕದಲ್ಲಿ ಒಂದು ದುಡಿಮೆಯನ್ನು ಇಟ್ಟುಕೊಂಡೇ ಎಲ್ಲರೂ ಬಹುಕಾಲ ಸಾಗಿದರು. ಆದರೆ ಚಿತ್ರಲೋಕದಲ್ಲಿ ಕುಂಚ ಹಿಡಿಯುವುದೊಂದೇ ಉದ್ಯೋಗವಲ್ಲವೆಂಬುದನ್ನೂ ಇದು ತೋರಿಸುತ್ತದೆ. ಕಟ್ಟು ಹಾಕುವವರು, ಹಳೆಯ ಚಿತ್ರಗಳನ್ನು ಸರಿಪಡಿಸುವವರು, ಪ್ರದರ್ಶನ ಸಂಯೋಜಿಸುವವರು, ದಾಖಲೆ ಇಡುವವರು, ಕಲೆಯ ಬಗ್ಗೆ ಬರೆಯುವವರು ಎಲ್ಲರಿಗೂ ಅಲ್ಲಿ ಕೆಲಸವಿದೆ. ಎರಡು ಮೂರು ಭಾಷೆಗಳಲ್ಲಿ ಸಲೀಸಾಗಿ ಓಡಾಡುವ ಗಡಿನಾಡಿನ ಮಗುವಿಗೆ ಈ ಕೆಲಸಗಳಲ್ಲಿ ಅದೂ ಒಂದು ಬಂಡವಾಳವೇ.

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಬೆಳಗಾಗುವಾಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ತಲುಪುತ್ತದೆ. ನಿಲ್ದಾಣದ ಒಂದು ಬದಿಗೆ 1857ರಲ್ಲಿ ಆರಂಭವಾದ ಜೆ. ಜೆ. ಕಲಾಶಾಲೆ. ಇನ್ನೊಂದು ಬದಿಗೆ ನಡೆದರೆ ಫೋರ್ಟಿನಲ್ಲಿ ಕೆಮೌಲ್ಡ್, ಇನ್ನೂ ಸ್ವಲ್ಪ ಮುಂದೆ ಕಾಳಾಘೋಡಾದಲ್ಲಿ ಜಹಾಂಗೀರ್. ಆಸ್ಪತ್ರೆಯ ಕೆಲಸಕ್ಕೋ, ಬಂಧುಗಳ ಮನೆಗೋ ಮುಂಬಯಿಗೆ ಹೋದ ಎಷ್ಟೋ ಕುಟುಂಬಗಳು ಈ ಬಾಗಿಲುಗಳ ಮುಂದಿನಿಂದಲೇ ಹಾದುಹೋಗಿರುತ್ತವೆ. ಎರಡೂ ಕಡೆ ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ, ಏನನ್ನೂ ಕೊಳ್ಳಬೇಕಾಗಿಯೂ ಇಲ್ಲ. ಎಂಬತ್ತು ವರ್ಷಗಳ ಹಿಂದೆ ಒಂದು ಕಟ್ಟಿನ ಅಂಗಡಿಯ ಕಿಟಕಿಯ ಮುಂದೆ ಬೀದಿಯ ಜನ ನಿಂತು ನೋಡಿದಂತೆ, ಡ್ರಾಯಿಂಗ್ ಪರೀಕ್ಷೆಗೆ ಕುಳಿತ ಮಗುವಿನ ಕೈ ಹಿಡಿದು ಒಳಗೆ ಹೋಗಿ, ಅದು ಸಾಕೆನ್ನುವವರೆಗೆ ನೋಡಲು ಬಿಟ್ಟರೆ ಸಾಕು.